ಸುಟ್ಟ ಎಣ್ಣೆಯನ್ನು ಕಾಯಿಸಿದರೆ ಡೀಸೆಲ್ ಆಗುವುದೇ?

ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾವಿನಲ್ಲಿ ತುಂಗಭದ್ರೆಯ ದಂಡೆಯ ಡೀಸೆಲ್ ಪಂಪುಗಳು ಸುಲಭವಾಗಿ ಚಾಲೂ ಆಗುವುದಿಲ್ಲ. ಹ್ಯಾಂಡಲ್ ತಿರುವಿ ತಿರುವಿ ರೈತರ ರಟ್ಟೆ ಸೋಲುತ್ತದೆ. ಡೀಸೆಲ್ ಬೆಲೆಯ ಭಾರವೂ ಅದೇ ಹೊತ್ತಿಗೆ ನೆನಪಾಗುತ್ತದೆ. ಇಂತಹ ಸಮಯದಲ್ಲಿ ಒಂದು ಸಲಹೆ ಬಾಯಿಂದ ಬಾಯಿಗೆ ಹರಡುವುದುಂಟು: ಗ್ಯಾರೇಜಿನಲ್ಲಿ ಬದಲಿಸಿ ತೆಗೆದ ಕಪ್ಪು ಎಂಜಿನ್ ಆಯಿಲನ್ನು ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಡೀಸೆಲ್‌ನೊಂದಿಗೆ ಬೆರೆಸಿ ಹಾಕಿದರೆ ಎಂಜಿನ್ ಓಡುತ್ತದೆ, ಖರ್ಚೂ ಉಳಿಯುತ್ತದೆ ಎಂಬುದು ಅದರ ಸಾರ. ಸೈಲೆನ್ಸರ್ ಕೊಳವೆಗೆ ತಾಮ್ರದ ನಳಿಕೆ ಸುತ್ತಿ ಅದರೊಳಗೆ ಎಣ್ಣೆ ಹಾಯಿಸಿದರೆ ತಾನೇ ಬಿಸಿಯಾಗುತ್ತದೆ ಎಂದು ವಿವರಿಸುವವರೂ ಇದ್ದಾರೆ.

ಈ ಸಲಹೆಯಲ್ಲಿ ಅರ್ಧ ಸತ್ಯವಿದೆ, ಆದುದರಿಂದಲೇ ಅದು ಅಪಾಯಕಾರಿ. ಎಂಜಿನ್ ಓಡುವುದು ನಿಜ. ಕಪ್ಪು ಎಣ್ಣೆ ಉರಿಯುವುದೂ ನಿಜ. ಆದರೆ ಕಾಯಿಸುವುದರಿಂದ ಎಣ್ಣೆಯ ಯಾವ ದೋಷ ನೀಗುತ್ತದೆ, ಯಾವುದು ಹಾಗೆಯೇ ಉಳಿಯುತ್ತದೆ ಎಂಬುದನ್ನು ಬಿಡಿಸಿ ನೋಡಿದವರು ವಿರಳ. ಗ್ರಾಮ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘಗಳ ಕಾರ್ಯಕರ್ತರು, ಪಂಪ್ ಆಪರೇಟರುಗಳು ಹಾಗೂ ಟ್ರ್ಯಾಕ್ಟರ್ ಮಾಲೀಕರು ಈ ವಿಷಯವನ್ನು ಲೆಕ್ಕಾಚಾರಸಹಿತ ಅರಿಯಲೆಂಬುದು ಈ ಪಾಠದ ಉದ್ದೇಶ.

ಚಳಿಗೂ ಇಂಧನಕ್ಕೂ ಇರುವ ಸಂಬಂಧ

ಮೊದಲು ಡೀಸೆಲ್‌ನ ವಿಚಾರ. ಡೀಸೆಲ್‌ನಲ್ಲಿ ಸ್ವಲ್ಪಾಂಶ ಮೇಣವು ಕರಗಿರುತ್ತದೆ. ತೀವ್ರ ಶೀತದಲ್ಲಿ ಈ ಮೇಣ ಹರಳುಗಟ್ಟಿ, ಫಿಲ್ಟರಿನ ರಂಧ್ರಗಳನ್ನು ಮುಚ್ಚಿ, ಇಂಧನದ ಹರಿವನ್ನೇ ನಿಲ್ಲಿಸಿಬಿಡುತ್ತದೆ. ಲಡಾಖ್‌ನಂತಹ ಪ್ರದೇಶಗಳಲ್ಲಿ ಇದು ಪ್ರತಿ ಚಳಿಗಾಲದ ಸಂಕಟವಾಗಿತ್ತು. ಅಲ್ಲಿಗೆಂದೇ ಇಂಡಿಯನ್ ಆಯಿಲ್ ಸಂಸ್ಥೆಯು 2019ರ ನವೆಂಬರಿನಲ್ಲಿ, ಶೂನ್ಯಕ್ಕಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯಬಲ್ಲ ಚಳಿಗಾಲದ ವಿಶೇಷ ಡೀಸೆಲನ್ನು ಬಿಡುಗಡೆ ಮಾಡಿತು. ಹೊಸಪೇಟೆ, ಕಂಪ್ಲಿ ಭಾಗದಲ್ಲಿ ಚಳಿಗಾಲದ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಂಡೂರಿನ ಬೆಟ್ಟಸಾಲಿನಲ್ಲಿ ಅದಕ್ಕಿಂತ ತುಸು ತಂಪು. ಭಾರತೀಯ ಮಾನಕದ ಪ್ರಕಾರ ಚಳಿಗಾಲದಲ್ಲಿ ಮಾರಾಟವಾಗುವ ಡೀಸೆಲ್ 6 ಡಿಗ್ರಿಯವರೆಗೂ ಫಿಲ್ಟರಿನ ಮೂಲಕ ಹಾಯಬೇಕು. ಎಂದರೆ ನಮ್ಮ ಭಾಗದಲ್ಲಿ ಬಂಕಿನಿಂದ ತಂದ ಡೀಸೆಲನ್ನು ಕಾಯಿಸುವ ಅಗತ್ಯ ಯಾವ ಕಾಲಕ್ಕೂ ಬೀಳುವುದಿಲ್ಲ.

ಹಾಗಿದ್ದರೆ ಮುಂಜಾನೆ ಎಂಜಿನ್ ಹತ್ತದಿರುವುದೇಕೆ? ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಒತ್ತಿ ಕುಗ್ಗಿಸುತ್ತದೆ. ಆಗ ಆ ಗಾಳಿಯ ಶಾಖ 500 ಡಿಗ್ರಿಯನ್ನೂ ಮೀರುತ್ತದೆ. ಹೊರಗಿನ ಗಾಳಿ 35 ಡಿಗ್ರಿಯ ಬದಲು 15 ಡಿಗ್ರಿ ಇದ್ದಮಾತ್ರಕ್ಕೆ ಅದು ಕೈಕೊಡಬಾರದು. ಕೈಕೊಟ್ಟರೆ ಪಿಸ್ಟನ್ ರಿಂಗ್ ಸವೆದು ಒತ್ತಡ ಸೋರುತ್ತಿರಬೇಕು, ಇಲ್ಲವೇ ಇಂಧನದ ನಳಿಕೆಯಲ್ಲಿ ಗಾಳಿ ಸೇರಿರಬೇಕು, ಟ್ಯಾಂಕಿನ ತಳದಲ್ಲಿ ನೀರು ನಿಂತಿರಬೇಕು, ನಾಝಲ್ ಹನಿಸುತ್ತಿರಬೇಕು. ಟ್ರ್ಯಾಕ್ಟರಾದರೆ ಬ್ಯಾಟರಿಯ ಬಲ ಕುಂದಿರಬಹುದು. ಸಂಪಿನಲ್ಲಿ ತಯಾರಕರು ಹೇಳಿದ್ದಕ್ಕಿಂತ ಗಟ್ಟಿಯಾದ ಎಣ್ಣೆ ತುಂಬಿಸಿದ್ದರೂ ಹ್ಯಾಂಡಲ್ ಭಾರವಾಗುತ್ತದೆ. ಬೇಸಿಗೆಯಲ್ಲಿ ಹೇಗೋ ಮುಚ್ಚಿಹೋಗಿದ್ದ ರೋಗವನ್ನು ಚಳಿಯು ಹೊರಗೆಡಹುತ್ತದೆ, ಅಷ್ಟೇ. ಇಂತಹ ಎಂಜಿನ್ನಿಗೆ ಕಪ್ಪು ಎಣ್ಣೆ ಹಾಕುವುದೆಂದರೆ ಜ್ವರದವನಿಗೆ ಕರಿದ ತಿಂಡಿ ಬಡಿಸಿದಂತೆ.

ಸ್ನಿಗ್ಧತೆ ಎಂಬ ಅಳತೆ

ದ್ರವವೊಂದು ಹರಿಯಲು ಒಡ್ಡುವ ಪ್ರತಿರೋಧಕ್ಕೆ ಸ್ನಿಗ್ಧತೆ ಎನ್ನುತ್ತಾರೆ. ನೀರಿಗೆ ಅದು ಕಡಿಮೆ, ಹರಳೆಣ್ಣೆಗೆ ಹೆಚ್ಚು. ಇದನ್ನು ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಅಳೆಯುತ್ತಾರೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಮಾರಾಟವಾಗುತ್ತಿರುವ ಭಾರತ್ ಸ್ಟೇಜ್ 6 ಡೀಸೆಲ್‌ನ ಸ್ನಿಗ್ಧತೆಯು 40 ಡಿಗ್ರಿ ಉಷ್ಣತೆಯಲ್ಲಿ 2ರಿಂದ 4.5 ಸೆಂಟಿಸ್ಟೋಕ್ ಒಳಗಿರಬೇಕೆಂದು ನಿಯಮವಿದೆ. ನಾಝಲ್ಲಿನ ಸೂಕ್ಷ್ಮ ರಂಧ್ರಗಳು ಇಂಧನವನ್ನು ಮಂಜಿನಂತೆ ಚಿಮುಕಿಸುವುದು ಈ ತೆಳುವಿನಲ್ಲಿ ಮಾತ್ರ. ಇಂಧನ ಗಟ್ಟಿಯಾದರೆ ಮಂಜಿನ ಬದಲು ಧಾರೆ ಬೀಳುತ್ತದೆ. ಧಾರೆ ಪೂರ್ತಿ ಉರಿಯದೆ ಪಿಸ್ಟನ್ನಿನ ತಲೆಗೆ, ಸಿಲಿಂಡರಿನ ಗೋಡೆಗೆ ಅಂಟುತ್ತದೆ.

ಲಾರಿ, ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ ಹಾಕುವ 15ಡಬ್ಲ್ಯೂ-40 ದರ್ಜೆಯ ಎಂಜಿನ್ ಎಣ್ಣೆಯ ಸ್ನಿಗ್ಧತೆ 40 ಡಿಗ್ರಿಯಲ್ಲಿ ಸುಮಾರು 110 ಸೆಂಟಿಸ್ಟೋಕ್. ಚಳಿಗಾಲದ ಮುಂಜಾವಿನ 15 ಡಿಗ್ರಿಗೆ ಇಳಿದಾಗ ಅದು 450ರ ಹತ್ತಿರ ಏರುತ್ತದೆ, ಅಂದರೆ ಡೀಸೆಲ್‌ನ ನೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ಗಟ್ಟಿ. ಕಾಯಿಸಿದರೆ 60 ಡಿಗ್ರಿಯಲ್ಲಿ ಸುಮಾರು 48, 80 ಡಿಗ್ರಿಯಲ್ಲಿ 25, ನೂರು ಡಿಗ್ರಿಯಲ್ಲಿ ಹದಿನಾಲ್ಕೂವರೆ. 120 ಡಿಗ್ರಿಗೆ ಒಯ್ದರೂ ಒಂಬತ್ತಕ್ಕಿಂತ ಕೆಳಗಿಳಿಯದು. ಬಳಸಿದ ಎಣ್ಣೆಯಲ್ಲಿ ಡೀಸೆಲ್ ಬೆರೆತು ತುಸು ತೆಳುವಾಗಿರಬಹುದು, ಮಸಿ ಸೇರಿ ಮತ್ತಷ್ಟು ಗಟ್ಟಿಯಾಗಿರಬಹುದು. ಒಟ್ಟು ಚಿತ್ರ ಬದಲಾಗುವುದಿಲ್ಲ. ನೀರು ಕುದಿಯುವಷ್ಟು ಕಾಯಿಸಿದರೂ ಅದು ಡೀಸೆಲ್‌ನ ತೆಳುವನ್ನು ಮುಟ್ಟದು.

ಚಳಿದೇಶಗಳಲ್ಲಿ ಇಂತಹ ಇಂಧನದ ಪ್ರಯೋಗಕ್ಕಿಳಿದವರು ಎರಡು ಟ್ಯಾಂಕುಗಳ ವ್ಯವಸ್ಥೆ ಮಾಡಿಕೊಳ್ಳುತ್ತಾರೆ. ಎಂಜಿನ್ ಶುದ್ಧ ಡೀಸೆಲ್‌ನಲ್ಲಿ ಚಾಲೂ ಆಗುತ್ತದೆ. ರೇಡಿಯೇಟರಿನ ಬಿಸಿನೀರು ಎರಡನೆಯ ಟ್ಯಾಂಕಿನ ಎಣ್ಣೆಯನ್ನು ಕಾಯಿಸಿದ ಮೇಲೆ ಕವಾಟ ತಿರುವಲಾಗುತ್ತದೆ. ನಿಲ್ಲಿಸುವ ಮುನ್ನ ಮತ್ತೆ ಡೀಸೆಲ್ ಹಾಯಿಸಿ ನಳಿಕೆಗಳನ್ನು ತೊಳೆಯಲಾಗುತ್ತದೆ. ಈ ಏರ್ಪಾಡನ್ನು ಹೊಳೆದಂಡೆಯ ಪಂಪಿಗೆ ಹೊಂದಿಸಲು ಹೊರಟರೆ ಮೊದಲ ಹೆಜ್ಜೆಯಲ್ಲೇ ತೊಡಕು. ಇಲ್ಲಿನ ಅನೇಕ ಚಿಕ್ಕ ಎಂಜಿನ್ನುಗಳಿಗೆ ರೇಡಿಯೇಟರೇ ಇಲ್ಲ. ಕೆಲವು ಗಾಳಿಯಿಂದ ತಂಪಾಗುತ್ತವೆ. ಕೆಲವಕ್ಕೆ ಪಂಪು ಎತ್ತಿದ ನೀರಿನಲ್ಲೇ ಒಂದಿಷ್ಟನ್ನು ಹಾಯಿಸಿ ಹೊರಬಿಡಲಾಗುತ್ತದೆ. ಸದಾ ತಣ್ಣೀರು ಹರಿಯುವ ಎಂಜಿನ್ನಿನ ನೀರಿನಿಂದ ಎಣ್ಣೆಯನ್ನು 80 ಡಿಗ್ರಿಗೆ ಕಾಯಿಸಲಾಗದು. ಉಳಿಯುವುದು ಸೈಲೆನ್ಸರಿನ ಶಾಖ ಮಾತ್ರ. ಅದಕ್ಕೆ ಅಂಕೆಯಿಲ್ಲ: ಭಾರ ಕಡಿಮೆ ಇದ್ದಾಗ ಎಣ್ಣೆ ಕಾಯದು, ಹೆಚ್ಚಿದ್ದಾಗ ನಳಿಕೆಯಲ್ಲೇ ಕರಿಕಟ್ಟುತ್ತದೆ.

ಕಾಯಿಸದೆ, ಬರಿದೇ ಡೀಸೆಲ್ ಬೆರೆಸಿ ತೆಳುಮಾಡಬಹುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಹೌದು, ಮಾಡಬಹುದು. ನಾಲ್ಕು ಪಾಲು ಡೀಸೆಲ್‌ಗೆ ಒಂದು ಪಾಲು ಎಂಜಿನ್ ಎಣ್ಣೆ ಬೆರೆಸಿದರೆ 40 ಡಿಗ್ರಿಯಲ್ಲಿ ಸ್ನಿಗ್ಧತೆ ಐದರ ಒಳಗೇ ಬರುತ್ತದೆ, ಅಂದರೆ ಮಾನಕದ ಅಂಚಿಗೆ. ಎಂಜಿನ್ ತಕರಾರಿಲ್ಲದೆ ಓಡುವುದು ಇದರಿಂದಲೇ. ಹಾಗಾದರೆ ಗಟ್ಟಿತನವು ಈ ಎಣ್ಣೆಯ ಮುಖ್ಯ ದೋಷವೇ ಅಲ್ಲ. ಶಾಖದಿಂದಲೋ ಬೆರಕೆಯಿಂದಲೋ ಅದನ್ನು ಮಣಿಸಬಹುದು. ಮುಖ್ಯ ದೋಷ ಬೇರೆಡೆ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ.

ಕಪ್ಪು ಎಣ್ಣೆಯೊಳಗೆ ಏನಿದೆ

ಹೊಸ ಎಂಜಿನ್ ಎಣ್ಣೆ ಬರಿಯ ಎಣ್ಣೆಯಲ್ಲ. ಸವೆತ ತಡೆಯಲು ಸತು ಮತ್ತು ರಂಜಕದ ಸಂಯುಕ್ತಗಳನ್ನೂ, ಮಸಿ ತೊಳೆಯಲು ಹಾಗೂ ಆಮ್ಲ ತಗ್ಗಿಸಲು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಸಂಯುಕ್ತಗಳನ್ನೂ ಅದರಲ್ಲಿ ಕರಗಿಸಿರುತ್ತಾರೆ. ಎಂಜಿನ್ನಿನಲ್ಲಿ ಕೆಲಸ ಮಾಡುತ್ತ ಅದಕ್ಕೆ ಮಸಿ ಸೇರುತ್ತದೆ. ಸಿಲಿಂಡರಿನ ಕಬ್ಬಿಣ, ಪಿಸ್ಟನ್ನಿನ ಅಲ್ಯೂಮಿನಿಯಂ, ಬೇರಿಂಗಿನ ತಾಮ್ರ ಮತ್ತು ಸೀಸದ ಕಣಗಳು ಸೇರುತ್ತವೆ. ಗಾಳಿಯ ಫಿಲ್ಟರ್ ತಪ್ಪಿಸಿಕೊಂಡು ಬಂದ ದೂಳು ಸೇರುತ್ತದೆ. ಸಂಡೂರಿನ ಅದಿರು ಮಾರ್ಗಗಳಲ್ಲಿ ಓಡುವ ಲಾರಿಯಾದರೆ ಆ ದೂಳೇ ಕಬ್ಬಿಣದ್ದು. ಇವುಗಳಲ್ಲಿ ಯಾವುದೂ ಉರಿದು ಗಾಳಿಯಾಗುವಂಥದ್ದಲ್ಲ, ಮಸಿಯೊಂದನ್ನು ಬಿಟ್ಟು. ಉರಿದ ಮೇಲೆ ಉಳಿಯುವುದು ಬೂದಿ.

ಬೂದಿಯ ಲೆಕ್ಕ ಸರಳ. ಭಾರತೀಯ ಮಾನಕವು ಡೀಸೆಲ್‌ನಲ್ಲಿ ತೂಕದ ಪ್ರಕಾರ ಶೇ. 0.01ಕ್ಕಿಂತ ಹೆಚ್ಚು ಬೂದಿಗೆ ಅವಕಾಶ ನೀಡುವುದಿಲ್ಲ. ಡೀಸೆಲ್ ವಾಹನಗಳ ಎಂಜಿನ್ ಎಣ್ಣೆಯಲ್ಲಿ ಬೂದಿಯಾಗುವ ಅಂಶ, ಹೊಸದಾಗಿದ್ದಾಗಲೇ, ಸುಮಾರು ಶೇ. 1ರಷ್ಟು ಅಥವಾ ಅದಕ್ಕೂ ತುಸು ಹೆಚ್ಚು. ಅಂದರೆ ನೂರು ಪಟ್ಟು. ಐದು ಅಶ್ವಶಕ್ತಿಯ ಪಂಪೊಂದು ತಾಸಿಗೆ ಸುಮಾರು ಒಂದು ಲೀಟರ್ ಇಂಧನ ಕುಡಿಯುತ್ತದೆ ಎಂದಿಟ್ಟುಕೊಳ್ಳೋಣ. ಐದರಲ್ಲಿ ಒಂದು ಪಾಲು ಕಪ್ಪು ಎಣ್ಣೆ ಬೆರೆಸಿ ನೂರು ತಾಸು ಓಡಿಸಿದರೆ ಇಪ್ಪತ್ತು ಲೀಟರ್ ಎಣ್ಣೆ ಉರಿದಂತಾಯಿತು. ಅದರಿಂದ ಹುಟ್ಟುವ ಬೂದಿ 170 ಗ್ರಾಂಗಿಂತ ಕಡಿಮೆಯಿಲ್ಲ. ಅದೇ ನೂರು ತಾಸು ಶುದ್ಧ ಡೀಸೆಲ್ ಉರಿದರೆ ಮಾನಕದ ಗರಿಷ್ಠ ಮಿತಿಯಲ್ಲೂ ಸುಮಾರು ಎಂಟು ಗ್ರಾಂ ಅಷ್ಟೇ. ಹುಟ್ಟಿದ ಬೂದಿಯ ಬಹುಪಾಲು ಹೊಗೆಯೊಡನೆ ಹೊರಹೋಗುತ್ತದೆ. ಉಳಿದದ್ದು ವಾಲ್ವಿನ ಕೂರುಗಟ್ಟೆಯಲ್ಲಿ, ರಿಂಗಿನ ಸಂದಿಯಲ್ಲಿ, ನಾಝಲ್ಲಿನ ತುದಿಯಲ್ಲಿ ಗಾಜಿನಂತೆ ಗಟ್ಟಿಯಾಗಿ ಕೂರುತ್ತದೆ.

ಬಟ್ಟೆಯಲ್ಲಿ ಸೋಸುವುದು ಸಾಲದೇ ಎನ್ನುವವರು ಅಳತೆಯನ್ನು ಗಮನಿಸಬೇಕು. ಇಂಜೆಕ್ಷನ್ ಪಂಪಿನ ಪ್ಲಂಜರಿಗೂ ಅದರ ಬ್ಯಾರಲ್ಲಿಗೂ ನಡುವಿನ ಸಂದು ಎರಡರಿಂದ ನಾಲ್ಕು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್. ಹತ್ತಿಬಟ್ಟೆಯ ನೂಲುಗಳ ನಡುವಿನ ತೂತು ಹತ್ತಾರು ಮೈಕ್ರಾನ್. ಕಸಕಡ್ಡಿಯನ್ನು ತಡೆಯುವ ಬಟ್ಟೆ, ಪ್ಲಂಜರನ್ನು ಗೀರುವ ಕಣವನ್ನು ತಡೆಯದು. ಬಟ್ಟೆಯ ಬದಲು ಒಳ್ಳೆಯ ಫಿಲ್ಟರ್ ಹಾಕಿದರೂ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಕಣ ಬೇರ್ಪಡಿಸಿದರೂ, ಎಣ್ಣೆಯಲ್ಲಿ ಕರಗಿಯೇ ಇರುವ ಸತು, ಕ್ಯಾಲ್ಸಿಯಂಗಳು ಸೋಸಿಗೆ ಸಿಕ್ಕುವುದಿಲ್ಲ. ಉಪ್ಪುನೀರನ್ನು ಸೋಸಿ ಸಿಹಿನೀರು ಮಾಡಲಾಗದಂತೆ. ಕಾಯಿಸುವುದರಿಂದಲೂ ಅವು ಹೋಗವು. ಈ ಒಂದು ಮಾತು ಮನದಟ್ಟಾದರೆ ಪಾಠದ ಮುಕ್ಕಾಲು ಪಾಲು ಮುಗಿದಂತೆ.

ಹಳೆಯ ನಿಧಾನಗತಿಯ ಎಂಜಿನ್ನು ಇದನ್ನೆಲ್ಲ ಒಂದೆರಡು ಹಂಗಾಮು ಸಹಿಸಿಕೊಂಡೀತು. 2020ರ ನಂತರದ ಭಾರತ್ ಸ್ಟೇಜ್ 6 ವಾಹನಗಳ ಮಾತು ಬೇರೆ. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿದು ಸುಡುವ ಫಿಲ್ಟರ್ ಇರುತ್ತದೆ. ಮಸಿಯನ್ನು ಅದು ಸುಟ್ಟುಕೊಳ್ಳುತ್ತದೆ. ಬೂದಿಯನ್ನು ಸುಡಲಾಗದು, ಅದು ತುಂಬುತ್ತ ಹೋಗಿ ಕಡೆಗೆ ಫಿಲ್ಟರನ್ನೇ ಕಟ್ಟಿಹಾಕುತ್ತದೆ. ಆ ವಾಹನಗಳ ಎಂಜಿನ್ ಎಣ್ಣೆಯನ್ನೇ ಕಡಿಮೆ ಬೂದಿಯದಾಗಿ ಪ್ರತ್ಯೇಕವಾಗಿ ತಯಾರಿಸುವುದು ಈ ಕಾರಣಕ್ಕೆ.

ಒಲೆಯ ಮೇಲಿನ ಡಬ್ಬ

ಕಪ್ಪು ಎಣ್ಣೆಯಲ್ಲಿ ಬಹುಮಟ್ಟಿಗೆ ಸ್ವಲ್ಪ ನೀರು ಇದ್ದೇ ಇರುತ್ತದೆ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂರುತ್ತದೆ. ಕೆಳಗಿನಿಂದ ಕಾಯಿಸಿದಾಗ ಅದು ನೂರು ಡಿಗ್ರಿಯಲ್ಲಿ ಹಠಾತ್ತನೆ ಆವಿಯಾಗಿ, ಮೇಲಿನ ಎಣ್ಣೆಯನ್ನೆಲ್ಲ ಹಾಲುಕ್ಕಿದಂತೆ ಉಕ್ಕಿಸಿ ಉರಿಯ ಮೇಲೆ ಸುರಿಯುತ್ತದೆ. ಹಾಲಾದರೆ ಒಲೆ ಆರುತ್ತದೆ, ಇದು ಆರುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಶುದ್ಧ ಎಂಜಿನ್ ಎಣ್ಣೆಯ ಆವಿಗೆ ಕಿಡಿ ತಾಗಬೇಕಾದರೆ 200 ಡಿಗ್ರಿ ದಾಟಬೇಕು; ಆದರೆ ಗ್ಯಾರೇಜಿನ ಡ್ರಮ್ಮಿನಲ್ಲಿ ಬಿಡಿಭಾಗ ತೊಳೆದ ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಎಲ್ಲವೂ ಬಿದ್ದಿರುತ್ತವೆ. ಅಂತಹ ಎಣ್ಣೆ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. ಮನೆಯ ಹಿತ್ತಿಲಲ್ಲಿ, ಕಣದಲ್ಲಿ, ಬಣವೆಯ ಬಳಿ ಈ ಕೆಲಸಕ್ಕೆ ಕೈಹಾಕಲೇಬಾರದು.

ಎಷ್ಟು ಉಳಿತಾಯ?

ಕಂಪ್ಲಿಯ ಬಳಿ ಹೊಳೆದಂಡೆಯಲ್ಲಿ ಐದು ಅಶ್ವಶಕ್ತಿಯ ಪಂಪು ಇಟ್ಟ ಒಬ್ಬ ರೈತನನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ನೂರು ತಾಸಿಗೊಮ್ಮೆ ಎಣ್ಣೆ ಬದಲಿಸುವ ಶಿಸ್ತು ಆತನಿಗಿದೆ. ಅಷ್ಟರಲ್ಲಿ ಪಂಪು ನೂರು ಲೀಟರಿಗಿಂತ ಹೆಚ್ಚು ಡೀಸೆಲ್ ಕುಡಿದಿರುತ್ತದೆ. ಸಂಪಿನಿಂದ ಇಳಿಯುವ ಕಪ್ಪು ಎಣ್ಣೆ ನಾಲ್ಕು ಲೀಟರಿನೊಳಗೆ. ಪೂರ್ತಿ ಉರಿಸಿದರೂ ಅದು ಮೂರೂವರೆ, ನಾಲ್ಕು ತಾಸಿನ ಇಂಧನ. ನೂರು ತಾಸಿನಲ್ಲಿ ಶೇ. 4ನ್ನು ದಾಟದ ಉಳಿತಾಯ. ಈ ನಾಲ್ಕು ತಾಸಿನ ಆಸೆಗೆ ಇಂಜೆಕ್ಷನ್ ಪಂಪನ್ನು ಪಣಕ್ಕಿಡುವುದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ. ಒಂದು ಪ್ಲಂಜರ್ ಜೋಡಿ, ಒಂದು ನಾಝಲ್ ಬದಲಿಸುವ ಖರ್ಚನ್ನು ಪ್ರತಿಯೊಬ್ಬ ರೈತನೂ ತನ್ನ ಮೆಕ್ಯಾನಿಕ್ಕಿನಿಂದ ಕೇಳಿ ತಿಳಿದು, ನಾಲ್ಕು ಲೀಟರ್ ಡೀಸೆಲ್‌ನ ಬೆಲೆಯ ಪಕ್ಕದಲ್ಲಿ ಬರೆದು ನೋಡಬಹುದು. ನೀರಿನ ಪಾಳಿ ತಪ್ಪಿ ಸಸಿ ಒಣಗುವ ನಷ್ಟ ಬೇರೆಯೇ.

ಹೆಚ್ಚು ಉಳಿಸಬೇಕೆಂದರೆ ಬೇರೆಯವರ ಎಣ್ಣೆಯನ್ನು ಡ್ರಮ್ಮುಗಟ್ಟಲೆ ಕೊಳ್ಳಬೇಕು. ಆಗ ಅದು ಯಾವ ಎಂಜಿನ್ನಿನದು, ಗೇರ್ ಪೆಟ್ಟಿಗೆಯದೋ ಬ್ರೇಕಿನದೋ, ಅದರಲ್ಲಿ ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆ ಸೇರಿದೆಯೋ ಎಂಬುದು ಕೊಂಡವನಿಗೆ ತಿಳಿಯುವ ಬಗೆಯಿಲ್ಲ. ಮಿಗಿಲಾಗಿ, ಅಲ್ಲಿಂದ ಕಾನೂನಿನ ಪ್ರಶ್ನೆ ಆರಂಭವಾಗುತ್ತದೆ.

ಹೊಳೆ, ಸ್ಮಾರಕ, ಕಾನೂನು

ಅಪಾಯಕಾರಿ ಮತ್ತು ಇತರೆ ತ್ಯಾಜ್ಯಗಳ ನಿರ್ವಹಣಾ ನಿಯಮಗಳು, 2016ರ ಅಡಿಯಲ್ಲಿ ಬಳಸಿದ ಎಣ್ಣೆಯು ಅಪಾಯಕಾರಿ ತ್ಯಾಜ್ಯ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಪಡೆದ ಮರುಸಂಸ್ಕರಣಾ ಘಟಕಗಳಿಗೆ ಅದು ಸೇರಬೇಕು. 2023ರಲ್ಲಿ ಈ ನಿಯಮಗಳಿಗೆ ತಿದ್ದುಪಡಿಯಾಗಿ, ಎಣ್ಣೆ ತಯಾರಿಸುವವರೇ ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆ ಹೊರಬೇಕೆಂಬ ವ್ಯವಸ್ಥೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಇದರ ಹಿಂದೆ ಆರ್ಥಿಕ ತರ್ಕವೂ ಇದೆ. ಎಂಜಿನ್ ಎಣ್ಣೆ ಸವೆಯುವುದಿಲ್ಲ, ಕೊಳೆಯಾಗುತ್ತದೆ ಅಷ್ಟೇ. ಕಾರ್ಖಾನೆಯಲ್ಲಿ ನಿರ್ವಾತದಲ್ಲಿ ಬಟ್ಟಿಯಿಳಿಸಿದರೆ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಮತ್ತೆ ಮೂಲ ಎಣ್ಣೆಯಾಗಿ ದೊರೆಯುತ್ತದೆ. ಹಿತ್ತಿಲ ಒಲೆಯಲ್ಲಿ ಆಗದ ಕೆಲಸ ಅದು.

ಸಂಡೂರು, ಕಂಪ್ಲಿ ತಾಲ್ಲೂಕುಗಳು ಇಂದು ನೆರೆಯ ಬಳ್ಳಾರಿ ಜಿಲ್ಲೆಯಲ್ಲಿವೆ. ಹೊಸಪೇಟೆ, ಹಂಪಿ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿವೆ. ಕಡತಗಳು ಬೇರೆಯಾದರೂ ನೀರು ಒಂದೇ. ಸಂಡೂರಿನ ಕಣಿವೆಯ ಹನಿ ನಾರಿಹಳ್ಳಕ್ಕಿಳಿಯುತ್ತದೆ. ಹೊಸಪೇಟೆಯ ಚರಂಡಿಯ ಹನಿ ಕಾಲುವೆಗಳ ದಾರಿ ಹಿಡಿಯುತ್ತದೆ. ಅದಿರಿನ ಲಾರಿಯೊಂದರ ಸಂಪಿನಿಂದ ಪ್ರತಿ ಬದಲಾವಣೆಗೆ ಹತ್ತಾರು ಲೀಟರ್ ಎಣ್ಣೆ ಇಳಿಯುತ್ತದೆ. ಹೆದ್ದಾರಿಯ ಬದಿಯ ಗುಂಡಿಗೆ ಚೆಲ್ಲಿದ ಎಣ್ಣೆ ಮೊದಲ ಮಳೆಗೇ ಹಳ್ಳ ಸೇರುತ್ತದೆ. ಒಂದು ಪಾಲು ಬಳಸಿದ ಎಣ್ಣೆ ಹತ್ತು ಲಕ್ಷ ಪಾಲು ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿದೆ.

ಇಲ್ಲಿ ನೀರುನಾಯಿಗಳ ಮಾತನ್ನು ಹೇಳದೆ ಮುಂದೆ ಹೋಗಲಾಗದು. ತುಂಗಭದ್ರಾ ಅಣೆಕಟ್ಟೆಯ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ರಾಜ್ಯ ಸರ್ಕಾರವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗೆ ತಿಮಿಂಗಿಲದಂತೆ ಕೊಬ್ಬಿನ ಹೊದಿಕೆಯಿಲ್ಲ. ಒತ್ತಾದ ರೋಮದ ನಡುವೆ ಸಿಕ್ಕಿಕೊಂಡ ಗಾಳಿಯೇ ಅದರ ಕಂಬಳಿ. ರೋಮಕ್ಕೆ ಎಣ್ಣೆ ಹತ್ತಿದರೆ ಗಾಳಿ ಹೊರಟುಹೋಗುತ್ತದೆ, ತಣ್ಣೀರು ಮೈಗೆ ತಾಗುತ್ತದೆ. ಮೈ ನೆಕ್ಕಿ ಶುಚಿಗೊಳಿಸುವಾಗ ಎಣ್ಣೆ ಹೊಟ್ಟೆಗೂ ಸೇರುತ್ತದೆ. ಪುಷ್ಯದ ಚಳಿ ಎಂಜಿನ್ನಿಗಿಂತ ಈ ಪ್ರಾಣಿಗೆ ಹೆಚ್ಚು ಕಠಿಣ. ಹೊಳೆದಂಡೆಯ ಪಂಪಿನ ಕೆಳಗೆ ಒಂದು ತಗಡಿನ ತಟ್ಟೆ ಇಡುವುದು ಯಾರಿಗೂ ಹೊರೆಯಲ್ಲ.

ಹಂಪಿಯಲ್ಲಿ ವಿಜಯವಿಠ್ಠಲ ದೇವಾಲಯಕ್ಕೆ ಹೋಗುವ ಪ್ರವಾಸಿಗರನ್ನು ಗೆಜ್ಜಲ ಮಂಟಪದಿಂದ ಬ್ಯಾಟರಿ ವಾಹನಗಳಲ್ಲಿ ಒಯ್ಯಲಾಗುತ್ತದೆ. ವಾಹನದ ಹೊಗೆ ಶಿಲೆಗೆ ಸೋಕಬಾರದೆಂಬ ಅಷ್ಟು ಎಚ್ಚರ ಒಂದೆಡೆ ಇರುವಾಗ, ಸುತ್ತಲಿನ ಗ್ರಾಮಗಳಲ್ಲಿ ಜನರೇಟರಿಗೆ ಕಪ್ಪು ಎಣ್ಣೆ ಹಾಕಿ ಸತು, ಸೀಸಗಳ ಹೊಗೆ ಎಬ್ಬಿಸುವುದು ಶೋಭಿಸದು. ಆ ಹೊಗೆಯನ್ನು ಮೊದಲು ಉಸಿರಾಡುವವರು ಊರಿನ ಮಕ್ಕಳೇ. ಪ್ರಸಂಗವಶಾತ್ ಮತ್ತೊಂದು ರೂಢಿಯನ್ನೂ ಹೇಳಬೇಕು: ಎತ್ತಿನ ಗಾಯಕ್ಕೆ, ಉಣ್ಣೆಗೆ ಕಪ್ಪು ಎಣ್ಣೆ ಬಳಿಯುವವರು ಇಂದಿಗೂ ಇದ್ದಾರೆ. ಅದರಲ್ಲಿ ಕ್ಯಾನ್ಸರ್‌ಕಾರಕ ಅಂಶಗಳಿವೆ. ದನ ಅದನ್ನು ನೆಕ್ಕುತ್ತದೆ. ಪಶುವೈದ್ಯರ ಬಳಿ ಇದಕ್ಕೆ ಮದ್ದಿದೆ.

ಕಾಯಿಸಿದರೆ ಒದಗುವ ಎಣ್ಣೆ

ಎಣ್ಣೆ ಕಾಯಿಸಿ ಎಂಜಿನ್ ಓಡಿಸುವ ವಿದ್ಯೆಯೇ ಸುಳ್ಳೆಂದು ಇದರಿಂದ ಭಾವಿಸಬಾರದು. ಅದು ಸರಿಹೊಂದುವ ಎಣ್ಣೆ ಬೇರೆ ಇದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿಕ್ಕ ಡೀಸೆಲ್ ಎಂಜಿನ್ನೊಂದನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿ ತೋರಿಸಲಾಗಿತ್ತು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ, ಆ ವಿದ್ಯುತ್ತಿನಿಂದ ಕೊಳವೆಬಾವಿಯ ನೀರೆತ್ತಿ ಹೊಲಗಳಿಗೆ ಹಾಯಿಸುವ ಯೋಜನೆಯನ್ನು ನಡೆಸಿದರು. ವಿಜ್ಞಾನಿಯೊಬ್ಬರ ಕೆಲಸ ಪ್ರಯೋಗಶಾಲೆಯಿಂದ ಹೊಲದ ಬದುವಿಗೆ ಬಂದ ಅಪರೂಪದ ಉದಾಹರಣೆ ಅದು. ಆ ಬಳಿಕ 2007ರಲ್ಲಿ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಆರಂಭವಾಯಿತು. ಬದುಗಳಲ್ಲಿ, ಬಂಜರಿನಲ್ಲಿ ಹೊಂಗೆ, ಬೇವು, ಹಿಪ್ಪೆ ನೆಡುವ ‘ಹಸಿರು ಹೊನ್ನು’, ‘ಬರಡು ಬಂಗಾರ’ ಕಾರ್ಯಕ್ರಮಗಳು ರಾಜ್ಯದಲ್ಲಿ ನಡೆದವು.

ಹೊಂಗೆ ಎಣ್ಣೆಯ ಸ್ನಿಗ್ಧತೆ 40 ಡಿಗ್ರಿಯಲ್ಲಿ ಸುಮಾರು 40 ಸೆಂಟಿಸ್ಟೋಕ್; ನೂರು ಡಿಗ್ರಿಗೆ ಕಾಯಿಸಿದರೆ ಎಂಟರ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ ಎಣ್ಣೆಗಿಂತ ಇದು ಮಣಿಯುವುದು ಬೇಗ. ಅದಕ್ಕಿಂತ ಮುಖ್ಯವಾಗಿ, ಇದರಲ್ಲಿ ಸವೆದ ಲೋಹವಿಲ್ಲ, ಸೀಸವಿಲ್ಲ. ಕಾಯಿಸುವುದರಿಂದ ನೀಗುವ ದೋಷವೇ ಇದರ ಮುಖ್ಯ ದೋಷ. ಹಾಗೆಂದು ಇದೂ ನಿರುಪದ್ರವಿಯಲ್ಲ. ಗಾಣದಿಂದ ಬಂದ ಹಸಿ ಎಣ್ಣೆಯಲ್ಲಿ ಅಂಟು ಮತ್ತು ಆಮ್ಲಾಂಶ ಇರುತ್ತವೆ. ಅವನ್ನು ತೆಗೆಯದೆ ದೀರ್ಘಕಾಲ ಬಳಸಿದರೆ ನಾಝಲ್ ಕರಿಕಟ್ಟುತ್ತದೆ. ಚಾಲೂ ಮಾಡುವಾಗ, ನಿಲ್ಲಿಸುವಾಗ ಡೀಸೆಲ್ ಬೇಕೇ ಬೇಕು. ಹೊಸ ತಲೆಮಾರಿನ ಎಂಜಿನ್ನಿಗೆ ನೇರ ಎಣ್ಣೆ ಸಲ್ಲದು; ರಾಸಾಯನಿಕವಾಗಿ ಮಾರ್ಪಡಿಸಿದ ಬಯೋಡೀಸೆಲ್, ಅದೂ ತಯಾರಕರು ಒಪ್ಪಿದ ಪ್ರಮಾಣದಲ್ಲಿ ಮಾತ್ರ. ಒಂದು ಲೀಟರ್ ಎಣ್ಣೆಗೆ ಸುಮಾರು ನಾಲ್ಕು ಕಿಲೋ ಬೀಜ ಬೇಕು. ಬೀಜ ಆರಿಸುವ ಕೂಲಿ ಹಿಡಿದರೆ ಮಾರುಕಟ್ಟೆಯ ಡೀಸೆಲ್‌ಗಿಂತ ಅಗ್ಗವಾಗುತ್ತದೆಂದು ಎಲ್ಲೆಡೆ ಭರವಸೆ ಕೊಡಲಾಗದು. ಹಿಂಡಿ ಗೊಬ್ಬರವಾಗಿ ದಕ್ಕುವುದರಿಂದ, ಮರಗಳು ಮೊದಲೇ ಇರುವ ಊರಿನಲ್ಲಿ ಮಾತ್ರ ಲೆಕ್ಕ ಸಮಕ್ಕೆ ಬರಬಹುದು.

ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ

ಗ್ಯಾರೇಜುಗಳಿಗೆ, ಟ್ರ್ಯಾಕ್ಟರ್ ದುರಸ್ತಿ ಅಂಗಡಿಗಳಿಗೆ ಪರವಾನಗಿ ನವೀಕರಿಸುವ ಸಂದರ್ಭವೇ ಈ ವಿಷಯ ಮಾತನಾಡಲು ತಕ್ಕ ಸಮಯ. ಕೇಳಬೇಕಾದದ್ದು ಕಡಿಮೆ: ಬಳಸಿದ ಎಣ್ಣೆಗೆ ಮುಚ್ಚಳವಿರುವ ಪ್ರತ್ಯೇಕ ಡ್ರಮ್, ಅದಕ್ಕೆ ನೆರಳು ಹಾಗೂ ಸಿಮೆಂಟಿನ ನೆಲ, ಎಣ್ಣೆಯನ್ನು ಯಾರಿಗೆ ಎಷ್ಟು ಕೊಡಲಾಯಿತೆಂಬ ಒಂದು ಪುಸ್ತಕ. ಡ್ರಮ್ಮಿಗೆ ಪೆಟ್ರೋಲ್, ಥಿನ್ನರ್, ಬ್ರೇಕ್ ಎಣ್ಣೆ ಸುರಿಯಬಾರದು. ಬೆರಕೆಯಾದ ಎಣ್ಣೆಯನ್ನು ಮರುಸಂಸ್ಕರಣೆಗೆ ಒಪ್ಪಿಕೊಳ್ಳುವುದು ಕಷ್ಟ. ರೈತರ ಮನೆಗಳಲ್ಲಿ ಎರಡು, ನಾಲ್ಕು ಲೀಟರಿನಂತೆ ಚದುರಿರುವ ಎಣ್ಣೆಗೆ ಕೊಳ್ಳುವವರು ಬಾರರು. ಅದನ್ನು ಹಳೆಯ ಕ್ಯಾನಿನಲ್ಲಿ ತಂದು ಹತ್ತಿರದ ಗ್ಯಾರೇಜಿನ ಡ್ರಮ್ಮಿಗೆ ಸೇರಿಸುವ ಏರ್ಪಾಡನ್ನು ಪಂಚಾಯಿತಿ ಮಾಡಿಕೊಡಬಹುದು. ಸ್ವಚ್ಛ ಸಂಕೀರ್ಣದ ವಾಹನದಲ್ಲಿ ಹಸಿಕಸ, ಒಣಕಸದೊಂದಿಗೆ ಅದನ್ನು ಬೆರೆಸಬಾರದು. ಅಧಿಕೃತ ಘಟಕಗಳ ಪಟ್ಟಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಿಂದ ಪಡೆದು ಸೂಚನಾಫಲಕಕ್ಕೆ ಹಚ್ಚುವುದು ಲೇಸು.

ಚಳಿಗಾಲ ಕಾಲಿಡುವ ಮುನ್ನ ಪಂಪಿಗೆ ಮಾಡಬೇಕಾದದ್ದು ಇಷ್ಟು. ಟ್ಯಾಂಕಿನ ತಳದ ನೀರು ಬಸಿಯುವುದು, ಡೀಸೆಲ್ ಫಿಲ್ಟರ್ ಬದಲಿಸುವುದು, ನಳಿಕೆಯ ಗಾಳಿ ತೆಗೆಯುವುದು, ನಾಝಲ್ಲನ್ನು ಪರೀಕ್ಷಾ ಮೇಜಿನ ಮೇಲೆ ಒಮ್ಮೆ ನೋಡಿಸುವುದು, ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನೇ ಸಂಪಿಗೆ ಹಾಕುವುದು. ಹ್ಯಾಂಡಲ್ ಎಂಜಿನ್ನಾದರೆ ಒತ್ತಡ ಬಿಡುವ ಲಿವರ್ ಎತ್ತಿ ಏಳೆಂಟು ಸುತ್ತು ತಿರುವಿದರೆ ಬೇರಿಂಗುಗಳಿಗೆ ಎಣ್ಣೆ ಏರುತ್ತದೆ, ಆಮೇಲೆ ವೇಗ ಹಿಡಿದಾಗ ಲಿವರ್ ಇಳಿಸಬೇಕು. ಚಾಲೂ ಆದೊಡನೆ ಪೂರ್ಣ ಭಾರ ಹೇರದೆ ನಾಲ್ಕೈದು ನಿಮಿಷ ಬಿಡಬೇಕು. ಇಷ್ಟಾದ ಮೇಲೂ 15 ಡಿಗ್ರಿಯ ಚಳಿಗೆ ಎಂಜಿನ್ ಹತ್ತದಿದ್ದರೆ ರಿಂಗ್ ಮತ್ತು ವಾಲ್ವ್ ತೆರೆಸಿ ನೋಡಿಸುವ ಕಾಲ ಬಂದಿದೆ ಎಂದು ತಿಳಿಯಬೇಕು.